ಬಾಗಿಲು ತೆರೆದವನು ಕೊಟ್ಟವನೇ?

ಕೊಡದ ವಸ್ತುವನ್ನು ತೆಗೆದುಕೊಳ್ಳುವುದೇ ಕಳವು. ಶಾಸ್ತ್ರವು ಇದನ್ನು ಅದತ್ತಾದಾನವೆಂದು ಕರೆಯುತ್ತದೆ. ಮಾತು ಚಿಕ್ಕದು. ಆದರೆ ‘ಕೊಡುವುದು’ ಎಂದರೇನೆಂದು ವಿಚಾರಿಸತೊಡಗಿದೊಡನೆ ಅದರ ಆಳ ತಿಳಿಯುತ್ತದೆ. ತನ್ನದಲ್ಲದ ಸಂಪತ್ತನ್ನು ಕಾಯುತ್ತಿರುವವನು ಬಂದೂಕಿನೆದುರು ಬಾಗಿಲು ತೆರೆದರೆ ಆ ಸಂಪತ್ತು ಕೊಟ್ಟಂತಾಯಿತೇ? ಅಮೆರಿಕದ ರೈಲುದರೋಡೆಗಳ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಒಬ್ಬನೇ ಮನುಷ್ಯ ಎರಡು ಬಾರಿ ಎದುರಿಸಬೇಕಾಯಿತು.

1899ರ ಜೂನ್ 2ರಂದು, ಬೆಳಗಾಗುವುದಕ್ಕೆ ಬಹಳ ಮೊದಲು, ವಯೋಮಿಂಗ್ ರಾಜ್ಯದ ವಿಲ್ಕಾಕ್ಸ್ ಬಳಿ ಯೂನಿಯನ್ ಪೆಸಿಫಿಕ್ ಕಂಪನಿಯ ಗಾಡಿಯ ಮುಂದೆ ಕೆಂಪು ದೀಪವೊಂದು ಅಲುಗಾಡಿತು. ಮುಂದೆ ಸೇತುವೆ ಕುಸಿದಿರಬಹುದು, ಹಳಿ ಕೊಚ್ಚಿಹೋಗಿರಬಹುದು. ಕೆಂಪು ದೀಪವನ್ನು ಕಂಡ ಚಾಲಕನಿಗೆ ನಿಲ್ಲುವುದಲ್ಲದೆ ಬೇರೆ ದಾರಿಯಿಲ್ಲ. ಆತನು ನಿಲ್ಲಿಸಿದನು. ದೀಪ ಹಿಡಿದವರು ದರೋಡೆಕೋರರು. ಜೀವ ಉಳಿಸಲೆಂದು ಇರುವ ಸಂಕೇತವನ್ನೇ ಬಲೆಯಾಗಿಸಿಕೊಂಡ ಅವರ ಮೊದಲ ಕಳವು ಹಣದ್ದಲ್ಲ, ವಿಶ್ವಾಸದ್ದು. ಇದನ್ನು ಯಾವ ಲೆಕ್ಕಪುಸ್ತಕದಲ್ಲಿಯೂ ಬರೆದಿಡಲಾರರು.

ಗಾಡಿಯ ಮುಂಭಾಗವನ್ನು ಬೇರ್ಪಡಿಸಿ ಸೇತುವೆಯಾಚೆಗೆ ಒಯ್ದ ಮೇಲೆ, ಹಣದ ಪೆಟ್ಟಿಗೆಗಳಿದ್ದ ಬೋಗಿಯ ಬಾಗಿಲು ತೆರೆಯುವಂತೆ ಒಳಗಿದ್ದ ನೌಕರ ವುಡ್‌ಕಾಕ್‌ಗೆ ಆಜ್ಞೆಯಾಯಿತು. ಆತನು ಒಪ್ಪಲಿಲ್ಲ. ಡೈನಮೈಟಿನಿಂದ ಬೋಗಿಯನ್ನೇ ಸಿಡಿಸಿದರು. ಆಘಾತದಿಂದ ದಿಗ್ಭ್ರಾಂತನಾದ ಆತನಿಂದ ತಿಜೋರಿ ತೆರೆಯುವುದು ಸಾಧ್ಯವಾಗದೆ, ಅದನ್ನೂ ಸಿಡಿಸಿ ಹಣವೊಯ್ದರು. ಬೆನ್ನಟ್ಟಿಹೋದ ಶೆರೀಫ್ ಹೇಜನ್ ಗುಂಡೇಟಿನಿಂದ ಸತ್ತನು. 1900ರ ಆಗಸ್ಟ್ 29ರಂದು ಟಿಪ್ಟನ್ ಬಳಿ ಮತ್ತೊಂದು ಗಾಡಿ ದರೋಡೆಗೊಳಗಾದಾಗ ಬೋಗಿಯೊಳಗಿದ್ದವನು ಅದೇ ವುಡ್‌ಕಾಕ್. ಈ ಬಾರಿಯೂ ಆತನು ಮೊದಲು ನಿರಾಕರಿಸಿದನು. ಕಂಡಕ್ಟರನು ಬಹಳವಾಗಿ ಹೇಳಿ ಒಪ್ಪಿಸಿದ ಮೇಲೆ ಬಾಗಿಲು ತೆರೆದನು.

ಮೊದಲನೆಯ ದಿನದ ವುಡ್‌ಕಾಕ್ ಕರ್ತವ್ಯನಿಷ್ಠನೆಂದೂ ಎರಡನೆಯ ದಿನದವನು ಸೋತವನೆಂದೂ ಹೇಳುವವರುಂಟು. ಹಾಗೆನ್ನುವವರು ಸಾಮಾನ್ಯವಾಗಿ ಬೋಗಿಯ ಹೊರಗಿರುವವರೇ. ಆತನು ಆ ಹಣದ ಒಡೆಯನಲ್ಲ, ಕಾಪಿನವನು. ಒಡೆತನವಿಲ್ಲದವನಿಗೆ ದಾನದ ಅಧಿಕಾರವೂ ಇಲ್ಲ. ಆದ್ದರಿಂದ ಆತನು ತೆರೆದ ಬಾಗಿಲಿನಿಂದ ಹೊರಹೋದ ಹಣವು ಅದತ್ತವೇ, ಕೊಡದ್ದೇ. ಭಯದಿಂದ ಹುಟ್ಟಿದ ಸಮ್ಮತಿಯು ಸಮ್ಮತಿಯಲ್ಲ. ಕಳವಿನ ಭಾರವೆಲ್ಲ ಕಳ್ಳನ ಮೇಲೆಯೇ ಉಳಿಯುತ್ತದೆ. ಕಾವಲುಗಾರನ ಹೆಗಲಿಗೆ ಅದರ ಒಂದು ಪಾಲನ್ನು ಹೊರಿಸುವುದು ನ್ಯಾಯವಲ್ಲ. ತನ್ನ ಪ್ರಾಣವನ್ನು ಪಣಕ್ಕಿಡುವ ನಿರ್ಧಾರವನ್ನು ನೌಕರನು ತಾನಾಗಿ ಮಾಡಿದರೆ ಅದು ಧೈರ್ಯ. ಸಂಬಳ ಕೊಡುವವನು ಅದನ್ನು ಅಪೇಕ್ಷಿಸಿದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ಬಸದಿಯ ಭಂಡಾರಕ್ಕೆ ರಾತ್ರಿ ಕಾವಲಿಟ್ಟಿರುವ ಟ್ರಸ್ಟಿಗಳೂ ಒಮ್ಮೆ ಇದನ್ನು ಆಲೋಚಿಸಬಹುದು.

ಈ ದರೋಡೆಗಳನ್ನಾಧರಿಸಿ 1969ರಲ್ಲಿ ಬಂದ ಹಾಲಿವುಡ್ ಚಿತ್ರದಲ್ಲಿ ಕಳ್ಳರೇ ನಾಯಕರು. ಬಾಗಿಲು ತೆರೆಯಲೊಲ್ಲದ ವುಡ್‌ಕಾಕ್ ಅದರಲ್ಲಿ ನಗೆಪಾತ್ರ. ಹಣ ಶ್ರೀಮಂತ ಕಂಪನಿಯದಲ್ಲವೇ, ಯಾರಿಗೇನು ನಷ್ಟ ಎಂಬ ಭಾವ ಪ್ರೇಕ್ಷಕರಲ್ಲಿ ಸುಲಭವಾಗಿ ಮೂಡುತ್ತದೆ. ಧನವನ್ನು ಮನುಷ್ಯನ ಬಾಹ್ಯಪ್ರಾಣವೆಂದು ಕರೆದ ಆಚಾರ್ಯರು ಕಳವಿನಲ್ಲಿ ಹಿಂಸೆಯನ್ನೇ ಕಂಡರು. ರೈಲಿನ ವಿಷಯದಲ್ಲಂತೂ ಬಾಹ್ಯಪ್ರಾಣಕ್ಕೂ ಒಳಗಿನ ಪ್ರಾಣಕ್ಕೂ ನಡುವೆ ಇದ್ದುದು ಒಂದು ಹಲಗೆಯ ಬಾಗಿಲು ಮಾತ್ರ.

ಒರೆಗನ್ ರಾಜ್ಯದ ಸಿಸ್ಕಿಯೂ ಬೆಟ್ಟದ 13ನೆಯ ಸುರಂಗದಲ್ಲಿ 1923ರ ಅಕ್ಟೋಬರ್ 11ರಂದು ಆ ಬಾಗಿಲೂ ಉಳಿಯಲಿಲ್ಲ. ಡಿಆಟ್ರಿಮಾಂಟ್ ಎಂಬ ಮೂವರು ಸಹೋದರರು ಸದರ್ನ್ ಪೆಸಿಫಿಕ್ ಗಾಡಿಯನ್ನು ಅಲ್ಲಿ ತಡೆದರು. ಅವರಿಗೆ ಬೇಕಾಗಿದ್ದುದು ಹಣ ಮಾತ್ರ. ಅಂಚೆಯ ಗುಮಾಸ್ತ ಹೊರಗೆ ಇಣುಕಿ ಬಂದೂಕನ್ನು ಕಂಡು ಬಾಗಿಲು ಮುಚ್ಚಿಕೊಂಡನು. ಅವರಿಟ್ಟ ಡೈನಮೈಟು ಮಿತಿಮೀರಿ, ಗುಮಾಸ್ತನೂ ಸತ್ತನು, ಬೋಗಿಯೂ ಉರಿಯಿತು. ಹೊಗೆ ತುಂಬಿದ ಸುರಂಗದಿಂದ ಬೋಗಿಯನ್ನು ಹೊರಗೆಳೆಯಲಾಗದೆ, ಕಂಡವರಾರೂ ಉಳಿಯಬಾರದೆಂದು ಚಾಲಕನನ್ನೂ ಫೈರ್‌ಮನ್ನನನ್ನೂ ಕೊಂದರು. ಒಂದು ಕಾಸೂ ಕೈಸೇರದೆ ಓಡಿಹೋದ ಅವರು ಸೆರೆಸಿಕ್ಕಿದ್ದು 1927ರಲ್ಲಿ. ಮೂವರಿಗೂ ಜೀವಾವಧಿ ಶಿಕ್ಷೆಯಾಯಿತು.

ಅಂದು ಸತ್ತವರಲ್ಲಿ ನಾಲ್ಕನೆಯವನು ಬ್ರೇಕ್‌ಮನ್ ಜಾನ್ಸನ್. ಸ್ಫೋಟದ ಸದ್ದು ಕೇಳಿ, ಮುಂದೆ ಏನಾಗಿದೆಯೆಂದು ನೋಡಲು ಆತನು ಹಿಂದಿನಿಂದ ಕತ್ತಲೆಯ ಸುರಂಗದಲ್ಲಿ ನಡೆದುಬಂದಿದ್ದನು. ಆತನ ವಶದಲ್ಲಿ ಕಾಯಬೇಕಾದ ಹಣವಿರಲಿಲ್ಲ. ತೆರೆಯಬೇಕಾದ ಬಾಗಿಲೂ ಇರಲಿಲ್ಲ.