ಹೊಟ್ಟೆಯ ಲೆಕ್ಕ ಯಾರ ಖಾತೆಗೆ?

ದಪ್ಪಗಿರುವವರನ್ನು ಕಂಡ ಕೂಡಲೇ ಅವರ ಬಗ್ಗೆ ಎಲ್ಲವೂ ತಿಳಿದುಹೋಯಿತು ಎಂದುಕೊಳ್ಳುತ್ತೇವೆ. ಬಾಯಿ ಕಟ್ಟುವುದಿಲ್ಲ, ಮೈ ಬಗ್ಗಿಸುವುದಿಲ್ಲ, ಹೊತ್ತಿಗೆ ಏಳುವುದಿಲ್ಲ. ಅಸ್ತಮಾ ಇದ್ದವರ ಮೇಲೆ ಯಾರೂ ಇಂಥ ತೀರ್ಪು ಹೊರಿಸುವುದಿಲ್ಲ. ತೂಕ ನೋಡಿ ಗುಣ ಹೇಳುವ ಈ ತೀರ್ಪನ್ನೇ ಹಿಂದೆ ರೈಲು ನಿಲ್ದಾಣದ ತೂಕದ ಯಂತ್ರಗಳು ಮುದ್ರಿಸಿ ಕೊಡುತ್ತಿದ್ದವು. ಬಣ್ಣದ ದೀಪಗಳು ಮಿಣುಕಿ, ಚಕ್ರ ಗಿರಗಿರ ತಿರುಗಿ, ನಾಣ್ಯ ಒಳಗೆ ಬಿದ್ದ ಸದ್ದಾದ ಮೇಲೆ ಒಂದು ರಟ್ಟಿನ ಚೀಟಿ ಉದುರುತ್ತಿತ್ತು. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದರಲ್ಲಿ ನಿಮ್ಮ ಗುಣ ಅಥವಾ ಭವಿಷ್ಯ. ಆಗ ಅದನ್ನು ತಮಾಷೆ ಅಂದುಕೊಂಡಿದ್ದೆವು. ಈಗ ಮೊಬೈಲಿನ ಆ್ಯಪ್ ಅದೇ ಕೆಲಸವನ್ನು ಬಲು ಗಂಭೀರವಾಗಿ ಮಾಡುತ್ತಿದೆ.

ಆ ತೂಕದಿಂದ ನಾವು ತೆಗೆಯುವ ಬಿಎಂಐ ಎಂಬ ಅಂಕಿ ಬಂದದ್ದೂ ವೈದ್ಯರಿಂದಲ್ಲ. ಕಿಲೋಗಳನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರ 1830ರ ದಶಕದಲ್ಲಿ ಬೆಲ್ಜಿಯಂನ ಖಗೋಳ ಶಾಸ್ತ್ರಜ್ಞ ಅಡಾಲ್ಫ್ ಕೆಟಲೆಯದು. ಆತ ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನು; ಬೊಜ್ಜು ಅವನ ತಲೆಯಲ್ಲೇ ಇರಲಿಲ್ಲ. ಈಗಿನ ಹೆಸರಿಟ್ಟದ್ದು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ. ನಮ್ಮ ಮೈಗೆ ಆ ಅಳತೆ ಎಷ್ಟು ಒಗ್ಗುವುದಿಲ್ಲ ಎಂಬುದನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರ 'ಲ್ಯಾನ್ಸೆಟ್'ನಲ್ಲಿ ಒಂದೇ ಪುಟದಲ್ಲಿ ತೋರಿಸಿದರು. ತಮ್ಮದೂ ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರದೂ ಫೋಟೊ ಪಕ್ಕಪಕ್ಕ. ಇಬ್ಬರ ಬಿಎಂಐ 22.3, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೈಯೊಳಗಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕರಿಗೆ ಶೇ 21.2. ನೋಡಲು ಸಪೂರ, ಒಳಗೆ ಕೊಬ್ಬು. ನಮ್ಮ ಕೂಸುಗಳು ಹುಟ್ಟುವಾಗಲೇ ಹೀಗಿರುತ್ತವೆ ಎಂಬುದೂ ಅವರ ತಂಡವೇ ಕಂಡುಕೊಂಡ ಸಂಗತಿ. ಹುಟ್ಟುವಾಗಲೇ ಎಂದ ಮೇಲೆ ಬಾಯಿಚಪಲದ ಆರೋಪ ಯಾರ ಮೇಲೆ?

ಈ ಪ್ರಶ್ನೆಗೆ ಉತ್ತರದ ಒಂದು ತುಣುಕು ನಮ್ಮ ಮೈಸೂರಿನಲ್ಲೇ ಇತ್ತು. ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ಕಡತದಲ್ಲಿ ಬರೆದಿಟ್ಟಿತ್ತು. ಹೆರಿಗೆ ವಾರ್ಡಿನ ದಿನಚರಿ, ಅಷ್ಟೆ. ಯಾವ ಸಂಶೋಧನೆಗೂ ಅಲ್ಲ. ತೊಂಬತ್ತರ ದಶಕದಲ್ಲಿ ಇಂಗ್ಲೆಂಡಿನ ಸಂಶೋಧಕರಾದ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ತಂಡ ಆ ಕಡತ ಹಿಡಿದು ಮನೆಮನೆ ಸುತ್ತಿ, 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿತು. ಎರಡೂವರೆ ಕಿಲೋ ಮೀರದೆ ಹುಟ್ಟಿದವರಲ್ಲಿ, ಅದರಲ್ಲೂ ಬಸುರಿನಲ್ಲಿ ತಾಯಿ 45 ಕಿಲೋ ಕೂಡ ತೂಗದಿದ್ದವರಲ್ಲಿ, ಹೃದಯದ ಕಾಯಿಲೆ ಎಲ್ಲರಿಗಿಂತ ಹೆಚ್ಚಾಗಿತ್ತು. ಮಧುಮೇಹದ ವಿಷಯಕ್ಕೆ ಬಂದರೆ ಅದೇ ಕಡತ ಬೇರೆ ಮಾತಾಡಿತು. ಉದ್ದಕ್ಕೆ ಮೀರಿ ದುಂಡಗೆ ಹುಟ್ಟಿದವರಿಗೆ ಆ ಕಾಯಿಲೆ ಜಾಸ್ತಿ. ಅವರ ತಾಯಂದಿರು ಮೈ ತುಂಬಿದವರು. ಅವ್ವನ ಹಸಿವೂ ಬಿಡುವುದಿಲ್ಲ, ಅವ್ವನ ಕೊಬ್ಬೂ ಬಿಡುವುದಿಲ್ಲ.

ಹೆಣ್ಣುಕೂಸಿನ ಅಂಡಾಣುಗಳು ಅದಿನ್ನೂ ಗರ್ಭದಲ್ಲಿರುವಾಗಲೇ ರೂಪುಗೊಳ್ಳುತ್ತವೆ. ಹಾಗೆಂದರೆ ನಮ್ಮ ಪ್ರತಿಯೊಬ್ಬರ ಅರ್ಧ ಪಾಲು ಕೆಲವು ತಿಂಗಳು ಅವ್ವನ ಅವ್ವ, ಅಜ್ಜಿಯ ಹೊಟ್ಟೆಯಲ್ಲಿ ಇದ್ದು ಬಂದದ್ದು. ಆಕೆ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಂಡವಳು. ನನ್ನ ಸೊಂಟದ ಸುತ್ತ ಕೂತಿರುವುದರಲ್ಲಿ ನಾನು ತಿಂದ ಮಸಾಲೆ ದೋಸೆಯ ಪಾಲೆಷ್ಟು, ಆಕೆ ಉಣ್ಣದೆ ಬಿಟ್ಟ ತುತ್ತಿನ ಪಾಲೆಷ್ಟು ಎಂದು ಯಾವ ತಕ್ಕಡಿಯೂ ಬೇರ್ಪಡಿಸಲಾರದು. ಮೈ ನನ್ನದು ಎನ್ನುವಾಗ ನಾವು ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಳ್ಳುತ್ತೇವೆ ಎನಿಸುತ್ತದೆ.

ಹಾಗಿದ್ದರೆ ಅಜ್ಜಿಯ ಮೇಲೆ ಹಾಕಿ ಕಾಲು ಚಾಚಿ ಕೂರಬಹುದೇ? ಕೂರಲಾಗದು. 1950ರ ದಶಕದಲ್ಲಿ ಲಂಡನ್ನಿನ ಸಂಶೋಧಕ ಜೆರ್ರಿ ಮಾರಿಸ್ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಅಭ್ಯಾಸ ಮಾಡಿದರು. ದಿನವಿಡೀ ಕೂತ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ. ಡ್ರೈವರುಗಳಿಗೆ ಕೊಟ್ಟ ಸಮವಸ್ತ್ರದ ಪ್ಯಾಂಟಿನ ಸೊಂಟದ ಅಳತೆಯೂ ದೊಡ್ಡದು. ಆದರೆ ಸೊಂಟ ಎಷ್ಟೇ ಇರಲಿ, ದಪ್ಪಗಿನ ಕಂಡಕ್ಟರನಿಗೂ ಮೆಟ್ಟಿಲಿನ ಲಾಭ ದಕ್ಕಿತ್ತು. ನನಗೆ ಮುಖ್ಯ ಎನಿಸುವುದು ಇದು: ಆತ ಮೆಟ್ಟಿಲು ಹತ್ತಿದ್ದು ಟಿಕೆಟ್ ಹರಿಯಲಿಕ್ಕೆ. ಅದರಲ್ಲಿ ಸಂಕಲ್ಪವಿಲ್ಲ, ಪುಣ್ಯವಿಲ್ಲ. ಡ್ರೈವರ್ ಕೂತದ್ದರಲ್ಲಿ ಪಾಪವೂ ಇರಲಿಲ್ಲ.

ನಾವೀಗ ವ್ಯಾಯಾಮವನ್ನು ಪ್ರಾಯಶ್ಚಿತ್ತ ಮಾಡಿಕೊಂಡಿದ್ದೇವೆ. ಒಂದು ಜಾಮೂನಿಗೆ ಇಷ್ಟು ಸುತ್ತು ನಡಿಗೆ ಎಂಬ ದಂಡದ ಪಟ್ಟಿ. ಹತ್ತು ಸಾವಿರ ಹೆಜ್ಜೆಯ ಗುರಿಯೂ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು! ಮೈಸೂರಿನ ಗರಡಿ ಮನೆಗೆ ಹೋಗಿ ನೋಡಿ. ತಗ್ಗು ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಹೊಕ್ಕು, ಆಂಜನೇಯನಿಗೆ ಕೈ ಮುಗಿದು, ಕೆಮ್ಮಣ್ಣು ಮೈಗೆ ಬಳಿದುಕೊಂಡು ಸಾಮು ತೆಗೆಯುವ ಹುಡುಗನಿಗೆ ತನ್ನ ಮೈಯ ಮೇಲೆ ಸಿಟ್ಟಿಲ್ಲ. ಗರಡಿಯನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಹೆಂಗಸರಿಗೆ ಆ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಆದರೂ ಮೈಯನ್ನು ಶಿಕ್ಷಿಸದೆ ದುಡಿಸುವ ಆ ಮನಸ್ಸು ಟ್ರೆಡ್‌ಮಿಲ್‌ನ ಮೇಲೆ ಕ್ಯಾಲೊರಿ ಎಣಿಸುವವನಲ್ಲಿ ನನಗೆ ಕಾಣುವುದಿಲ್ಲ. ಆಯುರ್ವೇದದ ಚರಕನೂ ದಪ್ಪವನ್ನಷ್ಟೇ ದೂರದೆ, ಅತಿ ದಪ್ಪ, ಅತಿ ಕೃಶ ಎರಡನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟು ಚರ್ಚಿಸಿದ್ದಾನೆ.

ಅವೆರಡೂ ಈಗ ಒಂದೇ ಮನೆಯಲ್ಲಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು ಮೂವತ್ತು ಮಂದಿಯದು ಅತಿತೂಕ. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಮೂವತ್ತೈದು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ತಾಯಿಗೆ ಡಾಕ್ಟರು ಇಳಿಸು ಅನ್ನುತ್ತಾರೆ, ಮಗುವಿಗೆ ಅಂಗನವಾಡಿ ಟೀಚರು ಏರಿಸು ಅನ್ನುತ್ತಾರೆ, ಇಬ್ಬರಿಗೂ ಅನ್ನ ಬೇಯುವುದು ಒಂದೇ ಒಲೆಯ ಮೇಲೆ. ವಾರಕ್ಕೊಮ್ಮೆ ಚುಚ್ಚಿಕೊಂಡು ಹಸಿವು ತಗ್ಗಿಸುವ ದುಬಾರಿ ಮದ್ದು 2025ರಲ್ಲಿ ನಮ್ಮ ಪೇಟೆಗೂ ಬಂತು. ಕೆಲವರಿಗೆ ಅದು ನಿಜಕ್ಕೂ ಬೇಕು, ನಾನು ಹೀಗಳೆಯುವುದಿಲ್ಲ. ಆದರೆ ಆ ಒಲೆಯ ಮುಂದೆ ಕೂತವಳಿಗೆ ಅಗ್ಗವಾಗಿ ಸಿಗುವುದು ಅಕ್ಕಿ, ಸಕ್ಕರೆ, ತಾಳೆ ಎಣ್ಣೆ. ಪಡಿತರ ಅಂಗಡಿಯಲ್ಲಿ ಸೊಪ್ಪು, ಮೊಟ್ಟೆ ಕೊಡುವುದಿಲ್ಲ.