ರೆಕ್ಕೆಯ ತೇಪೆಗೆ ಪ್ರಮಾಣವಾವುದು?

ಹಳೆಯದೊಂದು ಸಣ್ಣ ವಿಮಾನದ ರೆಕ್ಕೆಯೊಳಗೆ, ಅದರ ಬೆನ್ನೆಲುಬೆನ್ನಬಹುದಾದ ತೊಲೆಯ ಬಳಿ, ಒಂದು ಬಿರುಕು ಕಾಣಿಸಿತೆನ್ನೋಣ. ಅದನ್ನು ಕಂಡವನು ಮೂವತ್ತು ವರ್ಷಗಳಿಂದ ಅದೇ ಕೆಲಸದಲ್ಲಿ ಕೈ ಪಳಗಿದ ಮೆಕ್ಯಾನಿಕ್. ತಗಡನ್ನು ಕತ್ತರಿಸಿ ತೇಪೆಯಿಟ್ಟು, ರಿವೆಟ್ ಬಡಿದು, ಮೇಲೆ ಬಣ್ಣ ಬಳಿದರೆ ಎರಡು ದಿನಗಳಲ್ಲಿ ವಿಮಾನವು ಹಾರಬಲ್ಲದು. ಬಹುಶಃ ಹತ್ತು ವರ್ಷ ನಿರ್ವಿಘ್ನವಾಗಿಯೂ ಹಾರೀತು. ಆದರೂ ಅಮೆರಿಕ ದೇಶದ ಶಾಸನವು ಅವನ ಕೈಯನ್ನು ತಡೆದು, ‘ನಿನ್ನ ಈ ಕೆಲಸಕ್ಕೆ ಆಧಾರವೇನು?’ ಎಂದು ಕೇಳುತ್ತದೆ. ಈ ಪ್ರಶ್ನೆಯು ಕಚೇರಿಯ ಕಾಗದಕ್ಕೆ ಮಾತ್ರ ಸೇರಿದುದೋ ಅಥವಾ ಧರ್ಮವಿಚಾರಕ್ಕೂ ಸೇರಿದುದೋ ಎಂಬುದು ವಿವೇಚನೆಗೆ ಅರ್ಹವಾಗಿದೆ.

ವಿಮಾನದ ಬಲವನ್ನು ಗಣನೀಯವಾಗಿ ಕುಂದಿಸಬಹುದಾದ ದುರಸ್ತಿಯನ್ನು ಅಲ್ಲಿಯ ಶಾಸನವು ದೊಡ್ಡ ದುರಸ್ತಿಯೆಂದು ಗಣಿಸಿ, ಅದಕ್ಕೆ ಅನುಮೋದಿತವಾದ ಆಧಾರವನ್ನು ಬೇಡುತ್ತದೆ. ಮೊದಲನೆಯ ಆಧಾರವು ತಯಾರಕನ ದುರಸ್ತಿ ಗ್ರಂಥ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಇದು ಆಪ್ತವಾಕ್ಯ. ರೆಕ್ಕೆಯ ಯಾವ ಎಡೆಯಲ್ಲಿ ಎಷ್ಟು ಭಾರ ಬೀಳುವುದೆಂದು ಲೆಕ್ಕ ಹಾಕಿದವನೇ ಹೇಳಿದ ಮಾತು. ಆದರೆ ಆಪ್ತನೇ ಇಲ್ಲವಾದರೆ? ಏರಾಂಕಾ ಕಂಪನಿಯು 1951ರಲ್ಲಿ ಸಣ್ಣ ವಿಮಾನಗಳನ್ನು ಕಟ್ಟುವುದನ್ನು ನಿಲ್ಲಿಸಿತು. ಅದು ಕಟ್ಟಿದ ವಿಮಾನಗಳು ಮಾತ್ರ ಇಂದಿಗೂ ಹಾರುತ್ತಿವೆ. (ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ರೂಪುಗೊಂಡು 1958ರಲ್ಲಿ ಮೊದಲು ಹಾರಿದ ‘ಪುಷ್ಪಕ’ವು ಆ ಕಂಪನಿಯ ‘ಚೀಫ್’ ವಿಮಾನವನ್ನೇ ಬಹಳ ಮಟ್ಟಿಗೆ ಹೋಲುತ್ತದೆ.) ಇಂತಹ ಅನಾಥ ವಿಮಾನಗಳಿಗಾಗಿ ಸರ್ಕಾರದ ವಿಮಾನಯಾನ ಇಲಾಖೆಯು 43.13 ಎಂಬ ಸಂಖ್ಯೆಯ ಒಂದು ಸಾಮಾನ್ಯ ಗ್ರಂಥವನ್ನು ಹೊರಡಿಸಿದೆ. ಅದರ 1998ರ ಆವೃತ್ತಿಯು ಮೆಕ್ಯಾನಿಕ್ಕರ ಮೇಜಿನ ಮೇಲೆ ಎಣ್ಣೆಯ ಕಲೆಗಳೊಡನೆ ಕಾಣಸಿಗುವ ಪುಸ್ತಕ.

ಈ ಪುಸ್ತಕದ ಸ್ಥಾನವು ವಿಚಿತ್ರವಾದುದು. ಅದರಲ್ಲಿರುವ ವಿಧಾನಗಳು ಗ್ರಾಹ್ಯವೆಂದು ಇಲಾಖೆ ಹೇಳುತ್ತದೆ; ತಾನಾಗಿಯೇ ಅನುಮೋದಿತವೆಂದು ಹೇಳುವುದಿಲ್ಲ. ವಿಧಾನವು ಆ ವಿಮಾನಕ್ಕೆ ತಕ್ಕುದಾಗಿರಬೇಕು, ಆ ದುರಸ್ತಿಗೆ ನೇರವಾಗಿ ಅನ್ವಯಿಸಬೇಕು, ತಯಾರಕನ ಮಾತಿಗೆ ವಿರುದ್ಧವಾಗಿರಬಾರದು. ಹೀಗೆಂದು ದುರಸ್ತಿ ಮಾಡುವವನು ನಿಶ್ಚಯಿಸಿಕೊಂಡ ಬಳಿಕವೇ ಅದು ಅನುಮೋದಿತ ಆಧಾರದ ಪದವಿಗೆ ಏರುತ್ತದೆ. ಅಲ್ಲಿಯೂ ಸಿಗದ ಉತ್ತರಕ್ಕೆ ಇಲಾಖೆಯಿಂದ ಅಧಿಕಾರ ಪಡೆದ ಇಂಜಿನಿಯರನ ಲೆಕ್ಕವನ್ನು ಆಶ್ರಯಿಸಬೇಕು.

ಇಷ್ಟೆಲ್ಲ ಪ್ರಯಾಸವೇಕೆ, ಅನುಭವವುಳ್ಳ ಕೈ ಸಾಲದೆ ಎಂಬ ಆಕ್ಷೇಪವು ಹಗುರವಾದುದಲ್ಲ. ಒಳ್ಳೆಯ ಕೆಲಸಗಾರನಿಗೆ ಲೋಹದ ಗುಣವು ಬೆರಳ ತುದಿಯಿಂದಲೇ ತಿಳಿಯುತ್ತದೆ. ಪುಸ್ತಕ ಹಿಡಿದು ನಿಂತ ಅನನುಭವಿಗೆ ಅದು ಎಂದಿಗೂ ತಿಳಿಯದು. ಆದರೆ ಆ ಪ್ರತ್ಯಕ್ಷಕ್ಕೂ ಒಂದು ಎಲ್ಲೆಯುಂಟು. ತೇಪೆಯು ದಪ್ಪವಾದಷ್ಟೂ ಗಟ್ಟಿಯೆಂದು ಕೈ ನಂಬುತ್ತದೆ. ರೆಕ್ಕೆಯು ಹಾಗೆ ನಂಬುವುದಿಲ್ಲ. ಹಾರುವಾಗ ರೆಕ್ಕೆ ಬಾಗುತ್ತದೆ, ಭಾರವು ತಗಡಿನಿಂದ ತಗಡಿಗೆ ಹರಿಯುತ್ತದೆ. ಅತಿಯಾಗಿ ಬಿಗಿದ ಭಾಗವು ನೆರೆಯ ಭಾರವನ್ನೂ ತನ್ನ ಕಡೆಗೆ ಸೆಳೆದುಕೊಂಡು ತನ್ನ ಅಂಚಿನಲ್ಲಿಯೇ ಹೊಸ ಬಿರುಕಿಗೆ ಎಡೆಗೊಡುತ್ತದೆ. ಜೀರ್ಣವಾದ ಸೀರೆಗೆ ಹೊಸ ಬಟ್ಟೆಯ ತೇಪೆ ಹಾಕಿದಾಗ ತೇಪೆಯ ಪಕ್ಕದಲ್ಲಿಯೇ ಮತ್ತೆ ಹರಿಯುವುದನ್ನು ಗೃಹಿಣಿಯರು ಬಲ್ಲರು. ಆದುದರಿಂದಲೇ ಗ್ರಂಥವು ರಿವೆಟ್ಟಿಗೂ ತಗಡಿನ ಅಂಚಿಗೂ ನಡುವೆ ರಿವೆಟ್ಟಿನ ವ್ಯಾಸದ 2 ಪಟ್ಟಿಗಿಂತ, ರಿವೆಟ್ಟಿಗೂ ರಿವೆಟ್ಟಿಗೂ ನಡುವೆ 3 ಪಟ್ಟಿಗಿಂತ ಕಡಮೆ ಅಂತರವಿರಕೂಡದೆನ್ನುತ್ತದೆ. ಮರದ ತೊಲೆಯನ್ನು ಬೆಸೆಯಬಹುದು, ಆದರೆ ರೆಕ್ಕೆಯು ಒಡಲಿಗೆ ಸೇರುವ ಕೀಲಿನಡಿಯಲ್ಲಿ ಬೆಸೆಯಕೂಡದೆನ್ನುತ್ತದೆ. ಒಂದು ರಿವೆಟ್ ಹೆಚ್ಚಿಗೆ ಇರಲೆಂಬ ಸದ್ಭಾವವೂ ಇಲ್ಲಿ ಅಪಾಯಕಾರಿಯಾಗಬಲ್ಲದು. ಶಾಸನವು ಬೇಡುವುದು ವಿಮಾನವು ಮೂಲಸ್ಥಿತಿಗೆ ಕಡಮೆಯಿಲ್ಲದಂತೆ ಆಗಬೇಕೆಂದು. ಆ ಮೂಲಸ್ಥಿತಿಯಾದರೋ ಕಣ್ಣಿಗೆ ಕಾಣುವ ದಪ್ಪದಲ್ಲಿಲ್ಲ, ಭಾರವು ಹರಿಯುವ ದಾರಿಯಲ್ಲಿದೆ.

2005ನೆಯ ಇಸವಿ ಡಿಸೆಂಬರ್ 19ರಂದು ಅಮೆರಿಕದ ಮಯಾಮಿ ಬೀಚಿನ ಬಳಿ ಗ್ರಮ್ಮನ್ ಮಲ್ಲಾರ್ಡ್ ಜಾತಿಯ ಜಲವಿಮಾನವೊಂದರ ಬಲಗಡೆಯ ರೆಕ್ಕೆ ಕಳಚಿಬಿದ್ದು, ಅದರಲ್ಲಿದ್ದ 20 ಮಂದಿಯೂ ಮಡಿದರು. 1947ರಲ್ಲಿ ಪಿಸ್ಟನ್ ಎಂಜಿನುಗಳೊಡನೆ ಕಟ್ಟಿ, ಬಳಿಕ ಟರ್ಬೈನಿಗೆ ಮಾರ್ಪಡಿಸಿದ ವಿಮಾನವದು. ರೆಕ್ಕೆಯಲ್ಲಿ ಇಂಧನ ಸೋರುತ್ತಿತ್ತು; ಸೋರಿದಾಗಲೆಲ್ಲ ತೇಪೆಗಳು ಬಿದ್ದವು; ಸೋರಿಕೆಗೆ ಕಾರಣವಾದ ಒಳಗಿನ ಬಿರುಕು ಬೆಳೆಯುತ್ತಲೇ ಇತ್ತು. ತೇಪೆ ಹಾಕಿದವರು ಸೋಮಾರಿಗಳೆನ್ನಲು ಬರುವುದಿಲ್ಲ. ಕೆಲಸವೇನೋ ಮತ್ತೆ ಮತ್ತೆ ನಡೆದಿತ್ತು.

ಹಾಗೆಂದು ಅನುಮೋದಿತ ಆಧಾರವು ದೊರೆತ ಮಾತ್ರಕ್ಕೆ ಕರ್ತವ್ಯ ಮುಗಿಯುವುದೆ? ಜಪಾನಿನ ಬೃಹದ್ವಿಮಾನವೊಂದರ ಬಾಲವು 1978ರಲ್ಲಿ ನೆಲಕ್ಕೆ ತಗುಲಿತು. ಅದನ್ನು ದುರಸ್ತಿ ಮಾಡಿದವರು ತಯಾರಕನ ಕಡೆಯವರೇ. ನಕ್ಷೆಯೂ ಸರಿಯಾಗಿಯೇ ಇತ್ತು. ಆದರೆ ನಕ್ಷೆಯಲ್ಲಿ ಅಖಂಡವಾಗಿದ್ದ ಜೋಡಣೆಯ ಹಲಗೆಯನ್ನು ಎರಡಾಗಿ ಕತ್ತರಿಸಿ ಕೂಡಿಸಿದುದರಿಂದ, ಎರಡು ಸಾಲು ರಿವೆಟ್ಟುಗಳು ಹೊರಬೇಕಾದ ಭಾರವನ್ನು ಒಂದೇ ಸಾಲು ಹೊರಬೇಕಾಯಿತು. ಏಳು ವರ್ಷ ಹೊತ್ತಿತು. 1985ರ ಆಗಸ್ಟ್ 12ರಂದು 520 ಜನ ಸತ್ತರು. ಮೇಲೆ ನೋಡಿದವರ ಕಣ್ಣಿಗೆ ಆ ಏಳು ವರ್ಷವೂ ಕೆಲಸವು ಸರಿಯಾಗಿಯೇ ಕಂಡಿತ್ತು.

ಆಪ್ತವಾಕ್ಯವು ಎಷ್ಟೇ ಪ್ರಮಾಣಭೂತವಾದರೂ, ‘ನಿನ್ನ ಮುಂದಿರುವ ಬಿರುಕು ನಾನು ಹೇಳಿದ ಬಿರುಕೇ’ ಎಂದು ಅದು ಹೇಳಲಾರದು. ಅಷ್ಟನ್ನು ಮನುಷ್ಯನೇ ನಿರ್ಣಯಿಸಬೇಕು. ಅಮೆರಿಕದಲ್ಲಿ ದೊಡ್ಡ ದುರಸ್ತಿಯಾದೊಡನೆ 337ನೆಯ ನಮೂನೆಯೆಂಬ ಪತ್ರದಲ್ಲಿ ಮಾಡಿದ ಕೆಲಸವನ್ನೂ ಅದರ ಆಧಾರವನ್ನೂ ಬರೆದು ರುಜು ಹಾಕುವರು. ಒಂದು ಪ್ರತಿಯು ವಿಮಾನದ ಒಡೆಯನಿಗೆ. ಇನ್ನೊಂದು, ವಿಮಾನವನ್ನು ಹಾರಾಟಕ್ಕೆ ಬಿಟ್ಟ 48 ಗಂಟೆಗಳೊಳಗಾಗಿ ಇಲಾಖೆಗೆ. ಪ್ರಯಾಣಿಕರು ಆ ಪತ್ರವನ್ನು ಎಂದೂ ನೋಡುವುದಿಲ್ಲ. ಇಪ್ಪತ್ತು ಮೂವತ್ತು ವರ್ಷಗಳ ತರುವಾಯ, ರುಜು ಹಾಕಿದವನು ಕಾಲವಾದ ಮೇಲೆ, ಮತ್ತೊಬ್ಬ ಮೆಕ್ಯಾನಿಕ್ ಆ ರೆಕ್ಕೆಯನ್ನು ಬಿಚ್ಚಿ ತೇಪೆಯ ಮೇಲೆ ದೀಪ ಹಿಡಿದಾಗ, ಹಳೆಯ ಕಡತದಿಂದ ಅದನ್ನು ತೆಗೆದು ಓದುತ್ತಾನೆ.