ಐದು ದಿನಗಳ ಆಯುಷ್ಯದ ದಾನ



ಸತ್ಕರ್ಮಗಳ ಪೈಕಿ ಅಲ್ಲಾಹನಿಗೆ ಹೆಚ್ಚು ಪ್ರಿಯವಾದುದು ಯಾವುದು? ಅಳತೆಯಲ್ಲಿ ಕಿರಿದಾದರೂ ಬಿಡದೆ ಮಾಡುತ್ತ ಬಂದ ಕರ್ಮವೇ ಅದೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಹಝ್ರತ್ ಆಯಿಷಾ(ರ) ನಮಗೆ ತಲುಪಿಸಿದ್ದಾರೆ. ನಮಾಝ್, ಝಿಕ್ರ್, ಪಾರಾಯಣಗಳ ಸಂದರ್ಭದಲ್ಲಿ ಈ ಮಾತನ್ನು ನಾವು ಹಲವು ಬಾರಿ ಕೇಳಿದ್ದೇವೆ. ಇಂದು ಅದೇ ಮಾತನ್ನು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಒಯ್ದು ನೋಡೋಣ. ಅಲ್ಲಿ ಕ್ಯಾನ್ಸರ್ ಪೀಡಿತ ಮಗುವೊಂದಕ್ಕೆ ದೇಹದೊಳಗೆ ರಕ್ತ ಸೋರುತ್ತಿರುವಾಗ, ಕಳೆದ ವರ್ಷ ಯಾರೋ ಮಾಡಿದ ದೊಡ್ಡ ದಾನ ಅದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಈ ವಾರ ಯಾರಾದರೂ ಮಾಡಿದ ಸಣ್ಣ ದಾನವೇ ಬೇಕಾಗುತ್ತದೆ. ಏಕೆಂಬುದನ್ನು ತಿಳಿಯಲು ಮೊದಲು ರೋಗವನ್ನು ಅರಿಯಬೇಕು.

ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ರಕ್ತದ ಕ್ಯಾನ್ಸರ್ ಅತಿ ಸಾಮಾನ್ಯವಾದುದು. ರಕ್ತಕಣಗಳು ತಯಾರಾಗುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅವುಗಳಲ್ಲಿ ಪ್ಲೇಟ್‌ಲೆಟ್ ಎಂಬುದು ಅತಿ ಸಣ್ಣ ಕಣ. ರಕ್ತನಾಳ ಎಲ್ಲಿ ಬಿರಿದರೂ ಅಲ್ಲಿ ಅಂಟಿಕೊಂಡು ಸೋರಿಕೆಯನ್ನು ಮುಚ್ಚುವುದು ಅದರ ಕೆಲಸ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ಕ್ಯಾನ್ಸರ್ ಕಣಗಳು ಮಜ್ಜೆಯನ್ನು ಆಕ್ರಮಿಸಿದಾಗ ಇವುಗಳಿಗೆ ಸ್ಥಳವೇ ಇಲ್ಲದಂತಾಗುತ್ತದೆ. ಚಿಕಿತ್ಸೆಯ ಕೀಮೋಥೆರಪಿಯೂ ಕೆಲಕಾಲ ಇವುಗಳ ಉತ್ಪತ್ತಿಯನ್ನು ತಗ್ಗಿಸುತ್ತದೆ. ಸಂಖ್ಯೆ 10 ಸಾವಿರಕ್ಕಿಂತ ಕೆಳಗಿಳಿದರೆ ಯಾವ ಪೆಟ್ಟೂ ಬೀಳದೆ ರಕ್ತ ಸೋರುವ ಅಪಾಯವಿದೆ. ಅದು ಹೊಟ್ಟೆಯಲ್ಲಾಗಬಹುದು, ಶ್ವಾಸಕೋಶದಲ್ಲಾಗಬಹುದು, ಎಲ್ಲಕ್ಕಿಂತ ಭಯಾನಕವಾಗಿ ಮೆದುಳಿನಲ್ಲಾಗಬಹುದು.

1955ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಎಮಿಲ್ ಫ್ರೈರೈಕ್ ಎಂಬ ತರುಣ ವೈದ್ಯರು ಬಂದಾಗ ಅಲ್ಲಿನ ಮಕ್ಕಳ ವಾರ್ಡಿನ ಹಾಸಿಗೆ, ಬಟ್ಟೆಗಳೆಲ್ಲ ರಕ್ತಮಯವಾಗಿರುತ್ತಿದ್ದವು. ರಕ್ತದ ಕ್ಯಾನ್ಸರಿನ ಎಷ್ಟೋ ಮಕ್ಕಳು ಕ್ಯಾನ್ಸರಿಗೆ ಚಿಕಿತ್ಸೆ ಫಲಿಸುವ ಮೊದಲೇ ರಕ್ತಸ್ರಾವದಿಂದ ಸಾಯುತ್ತಿದ್ದರು. ಕೊರತೆಯಿರುವುದು ಪ್ಲೇಟ್‌ಲೆಟ್‌ಗಳದೆಂದೂ, ಬಹಳ ದಿನ ಇಟ್ಟ ರಕ್ತದಲ್ಲಿ ಅವು ಬದುಕಿರುವುದಿಲ್ಲವೆಂದೂ, ತಾಜಾ ರಕ್ತದಿಂದ ಸ್ರಾವ ನಿಲ್ಲುತ್ತದೆಂದೂ ಅವರು ತೋರಿಸಿಕೊಟ್ಟರು. ಪ್ಲೇಟ್‌ಲೆಟ್ ಸಂಖ್ಯೆಗೂ ರಕ್ತಸ್ರಾವಕ್ಕೂ ಇರುವ ಸಂಬಂಧವನ್ನು ಅವರೂ ಸಂಗಡಿಗರೂ 1962ರಲ್ಲಿ ಪ್ರಕಟಿಸಿದರು. ದಾನಿಯ ರಕ್ತದಿಂದ ಬೇಕಾದ ಕಣವನ್ನಷ್ಟೇ ಬೇರ್ಪಡಿಸಿ ಉಳಿದುದನ್ನು ದೇಹಕ್ಕೆ ಮರಳಿಸುವ ಯಂತ್ರವನ್ನು 1960ರ ದಶಕದಲ್ಲಿ ರೂಪಿಸಲು ಅವರ ಜೊತೆ ದುಡಿದ ಜಾರ್ಜ್ ಜಡ್ಸನ್, ಐಬಿಎಂ ಕಂಪೆನಿಯ ಇಂಜಿನಿಯರ್. ಆತನ ಮಗನೇ ರಕ್ತದ ಕ್ಯಾನ್ಸರಿನ ರೋಗಿಯಾಗಿದ್ದ. ಒಬ್ಬ ತಂದೆಯ ಸಂಕಟದಿಂದ ಹುಟ್ಟಿದ ಶ್ರಮ ಇಂದು ಲೋಕದ ಮಕ್ಕಳಿಗೆ ಆಸರೆಯಾಗಿದೆ.

ಆದರೆ ಯಂತ್ರ ಬಂದರೂ ಒಂದು ಮಿತಿ ಉಳಿದೇ ಇದೆ. ನಮ್ಮ ಕಲಬುರಗಿ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬರಗಾಲಕ್ಕೆಂದು ಕಾಪಿಡುತ್ತಿದ್ದರು. ಕಮಲಾಪುರದ ಹೆಸರುವಾಸಿ ಕೆಂಪು ಬಾಳೆಯನ್ನು ಹಾಗೆ ಇಡಲಾದೀತೇ? ಹಣ್ಣಾದ ಗೊನೆ ಕೆಲವೇ ದಿನಗಳದು. ರಕ್ತದ ಸಂಗತಿಯೂ ಹೀಗೆಯೇ. ಕೆಂಪು ರಕ್ತಕಣಗಳನ್ನು ತಂಪಿನಲ್ಲಿ 35ರಿಂದ 42 ದಿನ ಇಡಬಹುದು. ಅದು ಹಗೇವಿನ ಜೋಳ. ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 20ರಿಂದ 24 ಡಿಗ್ರಿ ಉಷ್ಣತೆಯಲ್ಲಿ, ಸದಾ ಮೆಲ್ಲಗೆ ತೂಗುತ್ತ, ಐದೇ ದಿನ ಇಡಬಹುದು. ಅವು ಹಣ್ಣಾದ ಬಾಳೆ. ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ, ನೂರು ಜನರಿಂದ ರಕ್ತ ಪಡೆದು, ಫೋಟೋ ತೆಗೆಸಿಕೊಂಡು ಮನೆಗೆ ಹೋದರೆ ಆರನೆಯ ದಿನ ಬಂದ ಮಗುವಿಗೆ ಅದರಲ್ಲಿ ಒಂದು ಹನಿ ಪ್ಲೇಟ್‌ಲೆಟ್ಟೂ ಇರುವುದಿಲ್ಲ.

ಈಗ ಹುಮನಾಬಾದ್ ರಸ್ತೆಯ ಕಮಲಾಪುರದ ಸುತ್ತಲಿನ ಹಳ್ಳಿಯೊಂದರ ಮನೆಯನ್ನು ಊಹಿಸಿಕೊಳ್ಳಿ. ಮಗುವಿನ ಮೈಮೇಲೆ ಸಣ್ಣ ಕೆಂಪು ಚುಕ್ಕೆಗಳು, ಪೆಟ್ಟಿಲ್ಲದೆ ಮೂಡಿದ ನೀಲಿ ಕಲೆಗಳು, ವಸಡಿನಲ್ಲಿ ರಕ್ತ, ಬಿಡದ ಜ್ವರ. ಕೆಲವರು ಇದನ್ನು ದೃಷ್ಟಿದೋಷವೆಂದು ತಾಯಿತ ಕಟ್ಟಿಸುತ್ತಾರೆ. ಕೆಲವರು ಹತ್ತಿರದಲ್ಲಿ ಸಿಕ್ಕವರ ಕೈಯಿಂದ ಸೂಜಿ ಚುಚ್ಚಿಸುತ್ತಾರೆ. ಒಂಟೆಯನ್ನು ಮೊದಲು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ದುಆ ಖಂಡಿತ ಮಾಡಬೇಕು, ಆದರೆ ಮಗುವನ್ನು ಎತ್ತಿಕೊಂಡು ವಾಹನ ಹತ್ತುತ್ತಲೇ ಮಾಡಬೇಕು.

ಇಂತಹ ಮಗುವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಲೇಬಾರದು. ಅವು ಇದ್ದಬದ್ದ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸುತ್ತವೆ. ಮಾಂಸಖಂಡಕ್ಕೆ ಇಂಜೆಕ್ಷನ್ ಹಾಕಿಸಬಾರದು. ಹಲ್ಲುಜ್ಜಲು ಮೆತ್ತನೆಯ ಬ್ರಷ್ ಇರಲಿ, ಮಲಬದ್ಧತೆ ಆಗದಿರಲಿ. ಮೂಗಿನಿಂದ ರಕ್ತ ಬಂದರೆ ಮಗುವನ್ನು ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ, ತೀವ್ರ ತಲೆನೋವು, ಮಂಪರು, ಫಿಟ್ಸ್ ಬಂದರೆ ಅದು ಒಳಗಿನ ರಕ್ತಸ್ರಾವದ ಸೂಚನೆ. ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಬೇಕು.

ಕಲಬುರಗಿಯಲ್ಲಿ ಜಿಮ್ಸ್ ಸಹಿತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಲ್ಲಿ ಸ್ಥಾಪನೆಯಾದ ಕ್ಯಾನ್ಸರ್ ಸಂಸ್ಥೆಯ ಶಾಖೆಯೂ ನಗರದಲ್ಲಿದೆ. ವೈದ್ಯರು ಮಗುವಿನ ತೂಕ ನೋಡಿ, ಸುಮಾರು 10 ಕಿಲೋಗೆ ಒಂದು ಯುನಿಟ್‌ನಂತೆ ಪ್ಲೇಟ್‌ಲೆಟ್ ಏರಿಸುತ್ತಾರೆ. ಹೆಪ್ಪುಗಟ್ಟಿಸುವ ಅಂಶಗಳೂ ಕುಸಿದಿದ್ದರೆ ಪ್ಲಾಸ್ಮಾ, ಕ್ರಯೋಪ್ರೆಸಿಪಿಟೇಟ್ ಕೊಡುತ್ತಾರೆ. ಮೆದುಳಿನಲ್ಲಿ ಸ್ರಾವವಾಗಿದ್ದರೆ ಸಂಖ್ಯೆಯನ್ನು 1 ಲಕ್ಷದ ಹತ್ತಿರ ಕಾಯ್ದುಕೊಳ್ಳಲು ಯತ್ನಿಸುತ್ತಾರೆ. ಪ್ರೊಮೈಲೋಸೈಟಿಕ್ ಎಂಬ ಬಗೆಯ ರಕ್ತದ ಕ್ಯಾನ್ಸರಿನಲ್ಲಿ ರಕ್ತಸ್ರಾವ ಅತ್ಯಂತ ಉಗ್ರ. 1985ರಲ್ಲಿ ಶಾಂಘೈಯ ವೈದ್ಯ ವಾಂಗ್ ಝೆನ್‌ಯಿ ಅವರು ಈ ರೋಗದಿಂದ ಸಾವಿನಂಚಿಗೆ ತಲುಪಿದ್ದ ಐದು ವರ್ಷದ ಬಾಲಕಿಗೆ ವಿಟಮಿನ್ ‘ಎ’ ಸಂಬಂಧಿ ಔಷಧವೊಂದನ್ನು ಬಾಯಿಯ ಮೂಲಕ ಕೊಟ್ಟು ಗುಣಪಡಿಸಿದರು. ಎಟಿಆರ್‌ಎ ಎಂಬ ಆ ಔಷಧವನ್ನು ಇಂದು ರೋಗದ ಸಂಶಯ ಬಂದೊಡನೆ ಆರಂಭಿಸುತ್ತಾರೆ. ಆದರೆ ಅದರ ಜೊತೆಗೂ ಪ್ಲೇಟ್‌ಲೆಟ್ ಬೇಕೇ ಬೇಕು. ಅದನ್ನು ಯಾವ ಕಾರ್ಖಾನೆಯೂ ತಯಾರಿಸಿ ಅಂಗಡಿಗೆ ಕಳಿಸುತ್ತಿಲ್ಲ. ಅಲ್ಲಾಹನು ಅದನ್ನು ನಿಮ್ಮ ಎಲುಬಿನೊಳಗೆ ಇಟ್ಟಿದ್ದಾನೆ.

‘ಮಗುವಿನ ಬಂಧುಗಳೇ ಕೊಡಲಿ’ ಎನ್ನುವವರಿದ್ದಾರೆ. ಇಲ್ಲೊಂದು ಸೂಕ್ಷ್ಮವಿದೆ. ತಂದೆತಾಯಿ, ಒಡಹುಟ್ಟಿದವರ ರಕ್ತವನ್ನು ವಿಕಿರಣಕ್ಕೆ ಒಡ್ಡದೆ ಏರಿಸಿದರೆ, ಅದರಲ್ಲಿನ ಬಿಳಿಯ ಕಣಗಳು ಮಗುವಿನ ದೇಹದ ಮೇಲೆಯೇ ತಿರುಗಿಬೀಳುವ ಅಪಾಯವಿದೆ. ವಿರಳವಾದರೂ ಅದು ಪ್ರಾಣಾಂತಕ. ಅಂದರೆ ಈ ಮಗುವಿಗೆ ಅಪರಿಚಿತನ ರಕ್ತವೇ ಹೆಚ್ಚು ಕ್ಷೇಮ! ಒಂದು ಜೀವದ ರಕ್ಷಣೆಗೆ ಇಡೀ ಮನುಕುಲದ ತೂಕ ಕೊಟ್ಟ ಪವಿತ್ರ ಕುರ್‌ಆನ್ (5:32), ಆ ಜೀವ ಯಾವ ಧರ್ಮದ್ದು, ಯಾವ ಓಣಿಯದ್ದು ಎಂದು ಕೇಳಿಲ್ಲ. ಬಂದೇನವಾಜರ ದರ್ಗಾದ ಬೀದಿಯವನ ರಕ್ತ ಶರಣಬಸವೇಶ್ವರ ಗುಡಿಯ ಬೀದಿಯ ಮಗುವಿಗೆ ಹರಿಯಲಿ, ಅಲ್ಲಿಯದು ಇಲ್ಲಿಗೆ ಹರಿಯಲಿ.

ರಕ್ತಕ್ಕೆ ಬೆಲೆ ಪಡೆಯುವುದನ್ನು ಪ್ರವಾದಿ(ಸ) ತಡೆದಿರುವುದು ಹದೀಸ್ ಗ್ರಂಥಗಳಲ್ಲಿ ವರದಿಯಾಗಿದೆ. ನಮ್ಮ ದೇಶದ ಸುಪ್ರೀಂ ಕೋರ್ಟು 1996ರಲ್ಲಿ ನೀಡಿದ ತೀರ್ಪಿನಂತೆ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧ. ಮಾರುವಂತಿಲ್ಲ ಎಂದಾದ ಮೇಲೆ ಕೊಡುವವರು ಇರಲೇಬೇಕಲ್ಲವೇ? ರಮಝಾನಿನಲ್ಲಿ ಹೇಗೆಂಬ ಪ್ರಶ್ನೆ ಕೆಲವರದು. ಹನಫೀ ವಿದ್ವಾಂಸರ ಪ್ರಕಾರ ರಕ್ತ ಕೊಟ್ಟ ಮಾತ್ರಕ್ಕೆ ಉಪವಾಸ ಮುರಿಯುವುದಿಲ್ಲ, ನಿಶ್ಶಕ್ತಿ ಬರುವಂತಿದ್ದರೆ ಮಾತ್ರ ಅದು ಮಕ್ರೂಹ್. ನಮ್ಮ ಸೀಮೆಯ ಬಿಸಿಲಿನಲ್ಲಿ ಇಫ್ತಾರಿನ ಬಳಿಕ ಊಟ ಮಾಡಿ ಕೊಡುವುದೇ ಲೇಸು. ಮಗುವಿನ ರೋಗಕ್ಕೆ ರಮಝಾನ್ ರಜೆಯಿಲ್ಲ.

ಇನ್ನು ಲೆಕ್ಕ ನೋಡಿ. 18ರಿಂದ 65 ವರ್ಷದೊಳಗಿನ, 45 ಕಿಲೋ ಮೀರಿದ, 12.5 ಗ್ರಾಂ ಹಿಮೋಗ್ಲೋಬಿನ್ ಇರುವ ಆರೋಗ್ಯವಂತ ಗಂಡಸು 90 ದಿನಕ್ಕೊಮ್ಮೆ, ಹೆಂಗಸು 120 ದಿನಕ್ಕೊಮ್ಮೆ ರಕ್ತ ಕೊಡಬಹುದು. ಹದಿಮೂರು ವಾರವೆಂದರೆ 91 ದಿನ. ಒಂದು ಮಸೀದಿಯಲ್ಲಿ 26 ಗಂಡಸರು ಹೆಸರು ಬರೆಸಿ, ಸೋಮವಾರ ಒಬ್ಬ, ಶುಕ್ರವಾರ ಒಬ್ಬ ರಕ್ತನಿಧಿಗೆ ಹೋದರೆ ಪ್ರತಿಯೊಬ್ಬನ ಸರದಿ ಬರುವುದು ಹದಿಮೂರು ವಾರಕ್ಕೊಮ್ಮೆ. ವರ್ಷಕ್ಕೆ ನಾಲ್ಕು ಸಲ, ಪ್ರತಿ ಸಲ ಒಂದು ಗಂಟೆ! ಆ ಒಂದು ಮಸೀದಿಯ ತಾಜಾ ದಾನ ವರ್ಷವಿಡೀ ಬತ್ತುವುದಿಲ್ಲ. ಜುಮಾ ದಿನ ನಮ್ಮ ಮೊದಲ ಎರಡು ಸಫ್‌ಗಳಲ್ಲಿ 26 ಜನರಿಲ್ಲವೇ? ನಗರದ ಮಸೀದಿ, ಮಠ, ಕಾಲೇಜುಗಳು ಒಂದೊಂದು ಇಂತಹ ಪಟ್ಟಿ ಮಾಡಿದರೆ ಕಮಲಾಪುರದಿಂದ ರಾತ್ರಿ ಬಂದಿಳಿಯುವ ತಂದೆ ದಾನಿಯನ್ನು ಹುಡುಕಿ ಬೀದಿ ಅಲೆಯಬೇಕಿಲ್ಲ.

ಈ ಶುಕ್ರವಾರ ನಮಾಝ್ ಮುಗಿದ ಮೇಲೆ ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಮೊದಲ ಹೆಸರು ನಿಮ್ಮದಿರಲಿ. ಕಿರಿದಾದ ಈ ಕರ್ಮವನ್ನು ಬಿಡದೆ ನಡೆಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.